ಪೆನಿಸಿಲಿನ್ನಿನ ಉಂಗುರ

1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಬೂಷ್ಟಿನಿಂದ ಕಂಡುಕೊಂಡ ಪೆನಿಸಿಲಿನ್ನಿನ ಶಕ್ತಿಯೆಲ್ಲ ಒಂದು ಪುಟ್ಟ ಉಂಗುರದಲ್ಲಿದೆ. ಮೂರು ಇಂಗಾಲ, ಒಂದು ಸಾರಜನಕ ಪರಮಾಣುಗಳಿಂದಾದ ಇದಕ್ಕೆ ಬೀಟಾ-ಲ್ಯಾಕ್ಟಮ್ ಎಂದು ಹೆಸರು. ಹೆದೆಯೇರಿಸಿದ ಬಿಲ್ಲಿನಂತೆ ಅದು ಸದಾ ಬಿಗಿದುಕೊಂಡಿರುತ್ತದೆ.

ಬ್ಯಾಕ್ಟೀರಿಯ ತನ್ನ ಮೈಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ಗೋಡೆಯ ಎಳೆಗಳನ್ನು ಹೆಣೆಯುವ ಕಿಣ್ವಕ್ಕೆ ಈ ಉಂಗುರವು ಬಿಚ್ಚಿಕೊಂಡು ಅಂಟಿತೆಂದರೆ ಹೆಣಿಗೆ ನಿಲ್ಲುತ್ತದೆ; ಬೆಳೆಯುತ್ತಿರುವ ಜೀವಾಣು ಒಡೆದು ಸಾಯುತ್ತದೆ. ನಮ್ಮ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲವಾದ್ದರಿಂದ ಈ ಪೆಟ್ಟು ತಾಗದು.

ಆದರೆ ಉಂಗುರವನ್ನು ಮೊದಲೇ ತುಂಡರಿಸುವ ಕಿಣ್ವವನ್ನು ಕೆಲವು ಜೀವಾಣುಗಳು ತಯಾರಿಸುತ್ತವೆ. ಏಬ್ರಹಾಂ ಮತ್ತು ಚೈನ್ ಅವರು ಇದನ್ನು 1940ರಲ್ಲಿಯೇ ತಿಳಿಸಿದ್ದರು. ನೆಗಡಿಯು ವೈರಸ್ಸಿನದು; ಅದಕ್ಕೂ ಗೋಡೆಯಿಲ್ಲ. ಪ್ರತಿ ನೆಗಡಿಗೂ ಈ ಔಷಧ ನುಂಗಿದರೆ ನೆಗಡಿ ಹೋಗದು, ಇಂಥ ಹಟಮಾರಿ ಜೀವಾಣುಗಳೇ ಉಳಿದು ಬೆಳೆಯುತ್ತವೆ. ಆದ್ದರಿಂದ ವೈದ್ಯರು ಹೇಳಿದಾಗ ಮಾತ್ರ, ಹೇಳಿದಷ್ಟು ದಿನ ಸೇವಿಸತಕ್ಕದ್ದು.