ಕೆರಳುವ ಕರುಳು: ವರ್ತಕರು ಅರಿತಿರಬೇಕಾದ ಐ.ಬಿ.ಎಸ್.

ಹುಲಗೂರು, ಶಿಗ್ಗಾವಿ, ಸವಣೂರು, ಹಾನಗಲ್ ಭಾಗದ ಅನೇಕ ವರ್ತಕರ ದಿನಚರಿಯಲ್ಲಿ ಊಟಕ್ಕೆ ನಿಶ್ಚಿತ ವೇಳೆಯೆಂಬುದಿಲ್ಲ. ಉಪಾಹಾರವಿಲ್ಲದೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೋ ಹುಬ್ಬಳ್ಳಿಯ ಸಗಟು ಪೇಟೆಗೋ ಹೊರಡುವುದು, ನಡುವೆ ನಾಲ್ಕಾರು ಬಾರಿ ಚಹಾ, ಮಧ್ಯಾಹ್ನ ಗಿರಮಿಟ್ಟು ಮತ್ತು ಬಜ್ಜಿ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಒಮ್ಮೆಗೇ ಹೊಟ್ಟೆತುಂಬ ಊಟ. ಇಂತಹವರಲ್ಲಿ ಕೆಲವರನ್ನು ಹೊಟ್ಟೆನೋವು, ಉಬ್ಬರ, ಭೇದಿ ಅಥವಾ ಮಲಬದ್ಧತೆ ತಿಂಗಳುಗಟ್ಟಲೆ ಕಾಡುತ್ತವೆ. ಸಂಕೋಚದಿಂದ ಯಾರಿಗೂ ಹೇಳದೆ, ‘ಗ್ಯಾಸ್ ಆಗಿದೆ’ ಎಂದು ಔಷಧಿ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತ ದಿನ ಕಳೆಯುವವರೇ ಹೆಚ್ಚು. ಇದರಿಂದ ಎರಡು ಬಗೆಯ ಹಾನಿಯುಂಟು. ಸುಲಭವಾಗಿ ಹತೋಟಿಗೆ ಬರಬಹುದಾದ ತೊಂದರೆ ಬೆಳೆಯುತ್ತದೆ. ಅದರ ಮರೆಯಲ್ಲಿ ಗಂಭೀರ ಕಾಯಿಲೆಯಿದ್ದರೆ ಪತ್ತೆಯಾಗದೆ ಉಳಿಯುತ್ತದೆ.

ತೊಂದರೆಯ ಸ್ವರೂಪ

ಈ ತೊಂದರೆಗೆ ವೈದ್ಯರು ಇರಿಟಬಲ್ ಬವೆಲ್ ಸಿಂಡ್ರೋಮ್, ಸಂಕ್ಷೇಪದಲ್ಲಿ ಐ.ಬಿ.ಎಸ್. ಎನ್ನುತ್ತಾರೆ. ಇದರಲ್ಲಿ ಕರುಳಿನಲ್ಲಿ ಹುಣ್ಣಾಗಲಿ ಗಡ್ಡೆಯಾಗಲಿ ಇರುವುದಿಲ್ಲ. ಕರುಳಿಗೆ ತನ್ನದೇ ಆದ ನರಜಾಲವಿದ್ದು, ಅದು ಮೆದುಳಿನೊಡನೆ ಸತತ ಸಂಪರ್ಕದಲ್ಲಿರುತ್ತದೆ. ಈ ಸಂಪರ್ಕದಲ್ಲಿ ಏರುಪೇರಾದಾಗ ಕರುಳಿನ ಚಲನೆ ತೀವ್ರವಾಗುತ್ತದೆ ಅಥವಾ ಮಂದವಾಗುತ್ತದೆ. ಸಹಜ ವಾಯು ಸಂಚಾರವೂ ನೋವಾಗಿ ತೋರುತ್ತದೆ. ಕಲುಷಿತ ನೀರು ಅಥವಾ ಆಹಾರದಿಂದ ತೀವ್ರ ವಾಂತಿಭೇದಿ ಆದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಈ ತೊಂದರೆ ಮುಂದೆ ಉಳಿದುಕೊಳ್ಳುತ್ತದೆ. ವಸೂಲಾಗದ ಬಾಕಿ, ಸಾಲದ ಕಂತು, ನಿದ್ದೆಗೇಡು ಮೊದಲಾದ ಚಿಂತೆಗಳು ಇದನ್ನು ಉಲ್ಬಣಗೊಳಿಸುತ್ತವೆ. ಹಾಗೆಂದು ಇದು ಬರಿಯ ಮನಸ್ಸಿನ ಭ್ರಮೆಯಲ್ಲ. ಇದು ಕ್ಯಾನ್ಸರ್ ಆಗಿ ಮಾರ್ಪಡುವುದೂ ಇಲ್ಲ.

ಗುರುತಿಸುವ ಬಗೆ

2016ರಲ್ಲಿ ಪ್ರಕಟವಾದ ‘ರೋಮ್ 4’ ಮಾನದಂಡದ ಪ್ರಕಾರ, ಕಳೆದ 3 ತಿಂಗಳಲ್ಲಿ ವಾರಕ್ಕೆ ಸರಾಸರಿ ಒಂದು ದಿನವಾದರೂ ಹೊಟ್ಟೆನೋವಿರಬೇಕು. ಅದರೊಂದಿಗೆ ಈ ಮೂರರಲ್ಲಿ ಎರಡಾದರೂ ಇರಬೇಕು: ನೋವಿಗೆ ಮಲವಿಸರ್ಜನೆಯೊಡನೆ ಸಂಬಂಧ, ವಿಸರ್ಜನೆಯ ಸಂಖ್ಯೆಯಲ್ಲಿ ಬದಲಾವಣೆ, ಮಲದ ಸ್ವರೂಪದಲ್ಲಿ ಬದಲಾವಣೆ. ತೊಂದರೆ ಆರಂಭವಾಗಿ 6 ತಿಂಗಳಾದರೂ ಕಳೆದಿರಬೇಕು. ಕೆಲವರಲ್ಲಿ ಭೇದಿ, ಕೆಲವರಲ್ಲಿ ಮಲಬದ್ಧತೆ ಮುಖ್ಯವಾಗಿರುತ್ತದೆ. ಇನ್ನು ಕೆಲವರಲ್ಲಿ ಎರಡೂ ಸರದಿಯಂತೆ ಬರುತ್ತವೆ.

ತಡಮಾಡಬಾರದ ಲಕ್ಷಣಗಳು

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಹೊಟ್ಟೆಯಲ್ಲಿ ಕೈಗೆ ಸಿಗುವ ಗಡ್ಡೆ, 50ರ ವಯಸ್ಸಿನ ಅನಂತರ ಮೊದಲ ಬಾರಿಗೆ ಕಂಡ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರಿನ ಇತಿಹಾಸ: ಇವುಗಳಲ್ಲಿ ಒಂದಿದ್ದರೂ ಅದನ್ನು ಐ.ಬಿ.ಎಸ್. ಎಂದು ತಾವೇ ತೀರ್ಮಾನಿಸಕೂಡದು. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಆರಂಭದಲ್ಲಿ ಹೀಗೆಯೇ ತೋರುವುದುಂಟು. ಇಂತಹವರು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ವೈದ್ಯರನ್ನು ಕೂಡಲೇ ಕಾಣಬೇಕು. ಉಳಿದವರಿಗೆ ಸಾಮಾನ್ಯವಾಗಿ ಕೆಲವೇ ರಕ್ತ ಮತ್ತು ಮಲ ಪರೀಕ್ಷೆಗಳು ಸಾಕು. ಮೇಲಿಂದ ಮೇಲೆ ಸ್ಕ್ಯಾನಿಂಗ್ ಮಾಡಿಸುವ ಖರ್ಚು ಬೇಕಿಲ್ಲ.

ಹೊಟ್ಟೆಗೂ ಒಂದು ಕಿರ್ದಿ

ಲೆಕ್ಕ ಬರೆಯುವ ಅಭ್ಯಾಸ ವರ್ತಕರಿಗೆ ಹೊಸದಲ್ಲ. ಅದೇ ಅಭ್ಯಾಸವನ್ನು ನಾಲ್ಕು ವಾರ ಹೊಟ್ಟೆಯ ವಿಷಯಕ್ಕೂ ಅನ್ವಯಿಸಿದರೆ ಅರ್ಧ ಕೆಲಸ ಮುಗಿದಂತೆ. ಉಂಡ ವೇಳೆ, ಉಂಡ ಪದಾರ್ಥ, ಚಹಾದ ಲೆಕ್ಕ, ನೋವು ಬಂದ ಹೊತ್ತು, ಶೌಚದ ಸಂಖ್ಯೆ ಮತ್ತು ಸ್ವರೂಪ, ನಿದ್ದೆಯ ಗಂಟೆ, ಆ ದಿನದ ಚಿಂತೆ, ಇಷ್ಟನ್ನು ನಿತ್ಯ ಗುರುತು ಹಾಕಬೇಕು. ಯಾವ ಪದಾರ್ಥ ತಮಗೆ ಒಗ್ಗದು, ಸಂತೆಯ ದಿನವೇ ನೋವು ಹೆಚ್ಚೇ ಎಂಬುದು ಆಗ ತಾನಾಗಿ ಗೋಚರಿಸುತ್ತದೆ. ವೈದ್ಯರ ಮುಂದಿಡಲು ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಆಹಾರದಲ್ಲಿ ಬದಲಾವಣೆ

ಮೊದಲ ಹೆಜ್ಜೆ ಹೊತ್ತಿಗೆ ಸರಿಯಾದ ಊಟ. ಚಹಾ ದಿನಕ್ಕೆ 3 ಲೋಟ ಮೀರಬಾರದು. ನೀರು ಸಾಕಷ್ಟು ಕುಡಿಯಬೇಕು. ಕರಿದ ತಿಂಡಿಗಳನ್ನು ಮಿತಗೊಳಿಸಬೇಕು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಪ್ರಸಿದ್ಧ, ಅದರ ಖಾರ ಕಡಿಮೆ. ಆದರೆ ಬಜ್ಜಿಯ ಹಸಿಮೆಣಸಿನಕಾಯಿಯ ಖಾರ ಕೆರಳಿದ ಕರುಳಿನ ನೋವನ್ನು ಹಲವರಲ್ಲಿ ಹೆಚ್ಚಿಸುತ್ತದೆ.

ಇದರಿಂದ ಗುಣ ಕಾಣದಿದ್ದರೆ ಎರಡನೆಯ ಹೆಜ್ಜೆಯುಂಟು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಬೇಳೆಕಾಳು, ಹಾಲು ಮುಂತಾದವುಗಳಲ್ಲಿರುವ ಕೆಲವು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಪೂರ್ಣವಾಗಿ ಹೀರಲ್ಪಡದೆ, ನೀರನ್ನು ಎಳೆದುಕೊಂಡು, ದೊಡ್ಡ ಕರುಳಿನಲ್ಲಿ ಹುದುಗಿ ವಾಯುವನ್ನುಂಟುಮಾಡುತ್ತವೆ. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ ತಜ್ಞರು ಇವನ್ನು ‘ಫಾಡ್‌ಮ್ಯಾಪ್’ ಎಂದು ಕರೆದು, ಇವುಗಳನ್ನು ಮಿತಗೊಳಿಸುವ ಪಥ್ಯವನ್ನು ರೂಪಿಸಿದ್ದಾರೆ. ಪಥ್ಯವನ್ನು 2ರಿಂದ 6 ವಾರ ಮಾತ್ರ ಪಾಲಿಸಿ, ಬಳಿಕ ಒಂದೊಂದೇ ಪದಾರ್ಥವನ್ನು ಮರಳಿ ಸೇರಿಸಿ ಪರೀಕ್ಷಿಸಬೇಕು. ಎಲ್ಲವನ್ನೂ ಶಾಶ್ವತವಾಗಿ ಬಿಟ್ಟರೆ ಪೌಷ್ಟಿಕತೆ ಕುಂದುತ್ತದೆ. ಆದಕಾರಣ ಆಹಾರ ತಜ್ಞರ ಸಲಹೆ ಅವಶ್ಯ. ಈ ಭಾಗದವರಿಗೆ ಒಂದು ಅನುಕೂಲವಿದೆ: ಜೋಳದ ರೊಟ್ಟಿ ಮತ್ತು ಅನ್ನ ಇಂತಹವರಿಗೆ ಗೋಧಿಗಿಂತ ಹೆಚ್ಚು ಒಗ್ಗುತ್ತವೆ. ರೊಟ್ಟಿಯೊಡನೆ ಕಚ್ಚಿ ತಿನ್ನುವ ಹಸಿ ಈರುಳ್ಳಿಯನ್ನಷ್ಟೇ ಬಿಟ್ಟು ನೋಡಬಹುದು. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹುರಿದು ಎಸಳನ್ನು ತೆಗೆದರೆ ಪರಿಮಳ ಉಳಿಯುತ್ತದೆ. ತೊಂದರೆ ಕೊಡುವ ಅಂಶ ಎಣ್ಣೆಯಲ್ಲಿ ಕರಗುವುದಿಲ್ಲ. ಕಾಳುಗಳನ್ನು ನೆನೆಸಿ ಆ ನೀರನ್ನು ಚೆಲ್ಲಿ ಬೇಯಿಸುವುದು ಹಿತಕರ.

ಔಷಧ ಮತ್ತು ದಿನಚರಿ

ಇಸಬ್‌ಗೋಲ್ ಅನೇಕರಿಗೆ ಉಪಯುಕ್ತ. ಆದರೆ ಗೋಧಿ ತವುಡು ಉಬ್ಬರವನ್ನು ಹೆಚ್ಚಿಸಬಹುದು. ನೋವಿಗೆ ಪುದೀನ ಎಣ್ಣೆಯ ಕ್ಯಾಪ್ಸೂಲು ಅಥವಾ ಕರುಳಿನ ಸೆಳೆತ ತಗ್ಗಿಸುವ ಮಾತ್ರೆಗಳನ್ನು ವೈದ್ಯರು ಸೂಚಿಸುತ್ತಾರೆ. ಅಲ್ಪ ಪ್ರಮಾಣದ ಅಮಿಟ್ರಿಪ್ಟಿಲೀನ್ ಪ್ರಯೋಜನಕಾರಿಯೆಂದು ಇಂಗ್ಲೆಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಇದನ್ನು ಖಿನ್ನತೆಯ ಮಾತ್ರೆಯೆಂದು ಹೆದರಿ ಬಿಡಬೇಕಾಗಿಲ್ಲ. ಆಮಶಂಕೆಯ ಆಂಟಿಬಯಾಟಿಕ್ ಮಾತ್ರೆಗಳನ್ನು ಪದೇ ಪದೇ ತಾವಾಗಿಯೇ ನುಂಗುವುದು ಮಾತ್ರ ತರವಲ್ಲ. ನಿತ್ಯ ಅರ್ಧ ಗಂಟೆಯ ನಡಿಗೆ, ಸಾಕಷ್ಟು ನಿದ್ದೆ ಮತ್ತು ಯೋಗಾಭ್ಯಾಸ ಔಷಧಕ್ಕೆ ಪೂರಕವಾಗಿವೆ.

ಕೆಲಸಗಾರರನ್ನಿಟ್ಟುಕೊಂಡಿರುವ ಉದ್ದಿಮೆದಾರರೂ ಇಲ್ಲಿ ಗಮನ ಹರಿಸಬೇಕಾಗಿದೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಾಗಲಿ ಗಿರಣಿಯ ಕಾರ್ಮಿಕರಾಗಲಿ, ಶುಚಿಯಾದ ಶೌಚಾಲಯವಿಲ್ಲದೆ ದಿನವಿಡೀ ತಡೆದುಕೊಳ್ಳುವಂತಾದರೆ ತೊಂದರೆ ಇಮ್ಮಡಿಸುತ್ತದೆ. ಶುದ್ಧ ಕುಡಿಯುವ ನೀರು, ನೀರಿನ ಸೌಕರ್ಯವುಳ್ಳ ಶೌಚಾಲಯ, ಊಟಕ್ಕೆ ನಿಗದಿತ ಬಿಡುವು, ಈ ಮೂರಕ್ಕೆ ಮಾಡುವ ಅಲ್ಪ ವೆಚ್ಚ ಕೆಲಸದ ದಿನಗಳ ಉಳಿತಾಯವಾಗಿ ಮಾಲೀಕರಿಗೇ ಮರಳುತ್ತದೆ.

ಐ.ಬಿ.ಎಸ್. ಕೆಲವೊಮ್ಮೆ ವರ್ಷಗಟ್ಟಲೆ ಬಂದು ಹೋಗುತ್ತಿರುತ್ತದೆ. ಆದರೆ ಅದರ ಹೆಸರು ತಿಳಿದು, ಅಪಾಯದ ಲಕ್ಷಣಗಳಿಲ್ಲವೆಂದು ಖಚಿತವಾಗಿ, ತನ್ನ ಕರುಳಿಗೆ ಒಗ್ಗುವುದನ್ನು ಅರಿತವನಿಗೆ ಅಂಗಡಿಯಲ್ಲಿ ನೆಮ್ಮದಿಯಿಂದ ಕೂಡುವುದು ಸಾಧ್ಯ.