ದುಡಿಯುವ ಕೈಗಳ ನಗರದಲ್ಲಿ ಕೈಯ ಜೋಪಾನ

ಹೆಗಲಿನಿಂದ ಬೆರಳ ತುದಿಯವರೆಗೆ 32 ಎಲುಬು * ಬಿಗಿ ಕಟ್ಟು ಕೈಯನ್ನೇ ಕಳೆಯಬಹುದು * ಕೋಲ್ಕತ್ತಾ ಕನ್ನಡಿಗರು ತಿಳಿದಿರಬೇಕಾದ ಕೆಲವು ಸಂಗತಿಗಳು

ಕೋಲ್ಕತ್ತಾ: ಕೈಯಿಂದಲೇ ನಡೆಯುವ ನಗರವೊಂದಿದ್ದರೆ ಅದು ಕೋಲ್ಕತ್ತಾ. ಬಡಾಬಜಾರಿನಲ್ಲಿ ಹೊರೆ ಹೊರುವ ಕೂಲಿಗಳು, ಹಳೆಯ ಗಲ್ಲಿಗಳಲ್ಲಿ ಇಂದಿಗೂ ಕಾಣಸಿಗುವ ಕೈಗಾಡಿ ರಿಕ್ಷಾದವರು, ಕುಮಾರಟುಲಿಯಲ್ಲಿ ದುರ್ಗೆಯ ಮುಖ ತಿದ್ದುವ ಶಿಲ್ಪಿಗಳು, ಹೂಗ್ಲಿ ದಂಡೆಯ ಸೆಣಬಿನ ಗಿರಣಿ ಕಾರ್ಮಿಕರು - ಎಲ್ಲರಿಗೂ ಅನ್ನ ಕೊಡುವುದು ಎರಡು ಕೈಗಳೇ. ಬ್ಯಾಂಕು, ವಿಮಾ ಕಂಪನಿ, ಕೇಂದ್ರ ಸರಕಾರಿ ಕಚೇರಿಗಳಿಗೆ ವರ್ಗಾವಣೆಯಾಗಿ ಬಂದ ಕನ್ನಡಿಗರಿಗೂ, ಸಾಲ್ಟ್ ಲೇಕಿನ ಸೆಕ್ಟರ್ 5ರಲ್ಲಿ ದಿನವಿಡೀ ಕೀಲಿಮಣೆ ಒತ್ತುವ ಯುವಕ ಯುವತಿಯರಿಗೂ ಇದೇ ಮಾತು ಅನ್ವಯಿಸುತ್ತದೆ. ಹೊಟ್ಟೆನೋವು, ಜ್ವರಕ್ಕೆ ತಕ್ಷಣ ವೈದ್ಯರ ಬಳಿಗೆ ಓಡುವ ನಮ್ಮವರು ಕೈಗೆ ಪೆಟ್ಟಾದಾಗ ಮಾತ್ರ 'ಉಳುಕಿದೆ, ಎಣ್ಣೆ ತಿಕ್ಕಿದರೆ ಸರಿಹೋದೀತು' ಎಂದು ದಿನ ತಳ್ಳುವುದುಂಟು. ಹೀಗೆ ತಳ್ಳಿದ ದಿನಗಳೇ ಮುಂದೆ ಕೈಕೊಡುತ್ತವೆ.

ಅಂಗರಚನೆಯ ಪಾಠಕ್ಕೆ ಇದೇ ತವರು

ಮನುಷ್ಯ ದೇಹದ ಒಳಗನ್ನು ಕಣ್ಣಾರೆ ನೋಡಿ ಕಲಿಯುವ ಆಧುನಿಕ ವಿದ್ಯೆ ಭಾರತದಲ್ಲಿ ಬೇರೂರಿದ್ದು ಇದೇ ಊರಿನಲ್ಲಿ ಎಂಬುದು ಅನೇಕರಿಗೆ ತಿಳಿದಿರಲಾರದು. 1835ರ ಜನವರಿಯಲ್ಲಿ, ಲಾರ್ಡ್ ವಿಲಿಯಂ ಬೆಂಟಿಂಕ್ ಕಾಲದಲ್ಲಿ, ಕಲ್ಕತ್ತಾ ಮೆಡಿಕಲ್ ಕಾಲೇಜು ಸ್ಥಾಪನೆಯಾಯಿತು. ಮರುವರ್ಷ, 1836ರಲ್ಲಿ, ಅಲ್ಲಿನ ಪಂಡಿತ ಮಧುಸೂದನ ಗುಪ್ತ ಅವರು ಶವಚ್ಛೇದನ ಮಾಡಿದರು. ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದ ಬೋಧಿಸುತ್ತಿದ್ದ ವೈದ್ಯ ಪಂಡಿತರೊಬ್ಬರು ಹೆಣ ಮುಟ್ಟುವುದೆಂದರೆ ಆ ಕಾಲದಲ್ಲಿ ಜಾತಿಯಿಂದ ಹೊರಬೀಳುವಷ್ಟು ದೊಡ್ಡ ಮಾತು. ಅಂದು ಫೋರ್ಟ್ ವಿಲಿಯಂ ಕೋಟೆಯಿಂದ ತೋಪು ಹಾರಿಸಿ ಗೌರವ ಸಲ್ಲಿಸಲಾಯಿತು ಎಂಬ ಮಾತು ಬಂಗಾಳದಲ್ಲಿ ಇಂದಿಗೂ ಪ್ರಚಲಿತದಲ್ಲಿದೆ. ಕಾಲೇಜ್ ಸ್ಟ್ರೀಟಿನ ಆ ಕಾಲೇಜು ಇಂದಿಗೂ ರೋಗಿಗಳಿಂದ ತುಂಬಿ ತುಳುಕುತ್ತದೆ.

ಕೈಗೂ ಬಂಗಾಳಕ್ಕೂ ಇನ್ನೊಂದು ನಂಟಿದೆ. 1858ರಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರರಿಂದ ಕರಾರು ಪತ್ರದ ಮೇಲೆ ಅಂಗೈಯ ಅಚ್ಚು ಒತ್ತಿಸಿಕೊಂಡರು. ಮುಂದೆ 1897ರಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಕಲ್ಕತ್ತಾದಲ್ಲೇ ತೆರೆಯಿತು. ಇಂದು ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿ ಪಿಂಚಣಿ ಪಡೆಯುವ ಪ್ರತಿಯೊಬ್ಬ ಅಜ್ಜಿಯೂ ಆ ಕಚೇರಿಯ ಋಣದಲ್ಲಿದ್ದಾರೆ.

ಒಂದು ಕೈಯಲ್ಲಿ ಎಷ್ಟು ಎಲುಬು?

ವಯಸ್ಕರ ದೇಹದ 206 ಎಲುಬುಗಳಲ್ಲಿ ಎರಡೂ ಕೈಗಳ ಪಾಲು 64. ಒಂದು ಕೈಯ ಲೆಕ್ಕ ಹೀಗಿದೆ: ಕೊರಳ ಕೆಳಗಿನ ಕಾಲರ್ ಬೋನ್ ಒಂದು, ಬೆನ್ನಿನ ಮೇಲ್ಭಾಗದ ಹೆಗಲ ಹಲಗೆ ಒಂದು, ತೋಳಿನ ಹ್ಯೂಮರಸ್ ಒಂದು, ಮುಂಗೈಯಲ್ಲಿ ರೇಡಿಯಸ್ ಮತ್ತು ಅಲ್ನಾ ಎರಡು, ಮಣಿಕಟ್ಟಿನಲ್ಲಿ ಸಣ್ಣ ಕಲ್ಲುಗಳಂತೆ ಜೋಡಿಸಿದ ಎಂಟು, ಅಂಗೈಯಲ್ಲಿ ಐದು, ಬೆರಳುಗಳಲ್ಲಿ ಹದಿನಾಲ್ಕು. ಒಟ್ಟು 32. ಹೆಬ್ಬೆರಳಿಗೆ ಎರಡೇ ಎಲುಬು, ಉಳಿದ ನಾಲ್ಕು ಬೆರಳುಗಳಿಗೆ ತಲಾ ಮೂರು.

ಬೆರಳುಗಳನ್ನು ಮಡಚುವ ಸ್ನಾಯುಗಳು ಬೆರಳಿನಲ್ಲಿಲ್ಲ ಎಂಬುದು ಆಶ್ಚರ್ಯದ ಸಂಗತಿ. ಮುಖ್ಯ ಸ್ನಾಯುಗಳು ಮುಂಗೈಯಲ್ಲಿದ್ದು, ಅಲ್ಲಿಂದ ಹಗ್ಗದಂತಹ ಸ್ನಾಯುರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳ ತುದಿಗೆ ಹೋಗುತ್ತವೆ. ತೊಗಲುಗೊಂಬೆಯಾಟದಲ್ಲಿ ಪರದೆಯ ಹಿಂದೆ ನಿಂತವನು ಕೋಲು ಹಿಡಿದು ಗೊಂಬೆಯ ಕೈ ಆಡಿಸುವಂತೆ. ಕತ್ತಿನಿಂದ ಹೊರಡುವ ಐದು ನರಬೇರುಗಳು ಕಾಲರ್ ಬೋನಿನ ಹಿಂದೆ ಹೆಣೆದುಕೊಂಡು, ಕವಲೊಡೆದು, ಇಡೀ ಕೈಗೆ ಚಲನೆ ಮತ್ತು ಸ್ಪರ್ಶ ಕೊಡುತ್ತವೆ.

ಹೆಗಲು: ಹೆಚ್ಚು ಸ್ವಾತಂತ್ರ್ಯ, ಹೆಚ್ಚು ಅಪಾಯ

ಕೈಯನ್ನು ಮುಂಡಕ್ಕೆ ಎಲುಬಿನ ಮೂಲಕ ಜೋಡಿಸುವ ಏಕೈಕ ಕೊಂಡಿ ಕಾಲರ್ ಬೋನ್. ಬೈಕಿನಿಂದ ಬಿದ್ದಾಗ, ಚಲಿಸುವ ಬಸ್ಸಿನಿಂದ ಇಳಿಯುವಾಗ ಆಯ ತಪ್ಪಿದಾಗ ಪೆಟ್ಟು ಈ ಕೊಂಡಿಯ ಮೇಲೆ ಬೀಳುವುದರಿಂದ ಇದು ಬೇಗ ಮುರಿಯುತ್ತದೆ. ಹೆಚ್ಚಿನವರಲ್ಲಿ ಕೈಗೆ ಜೋಲಿ ಕಟ್ಟಿ ಕೆಲವು ವಾರ ವಿಶ್ರಾಂತಿ ಕೊಟ್ಟರೆ ಕೂಡಿಕೊಳ್ಳುತ್ತದೆ.

ಹೆಗಲಿನ ಕೀಲು ಮಾತ್ರ ಬೇರೆಯೇ ಬಗೆಯದು. ಸಣ್ಣ ತಟ್ಟೆಯ ಮೇಲೆ ದೊಡ್ಡ ಚೆಂಡು ಕೂರಿಸಿದಂತಿರುವ ಇದನ್ನು ನಾಲ್ಕು ಸ್ನಾಯುಗಳ ಪಟ್ಟಿ ಹಿಡಿದಿಟ್ಟಿದೆ. ಎಲ್ಲ ದಿಕ್ಕಿಗೂ ತಿರುಗುವ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆಯೆಂದರೆ, ದೇಹದ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ಬಾರಿ ತಪ್ಪುವುದೂ ಇದೇ. ಹೆಗಲು ತಪ್ಪಿದಾಗ ಅಕ್ಕಪಕ್ಕದವರು ಎಳೆದು ಕೂರಿಸಲು ಹೋಗಬಾರದು. ಎಕ್ಸ್‌ರೇ ನೋಡದೆ ಎಳೆದರೆ ನರ, ರಕ್ತನಾಳಕ್ಕೆ ಪೆಟ್ಟಾಗಬಹುದು, ಎಲುಬು ಮುರಿಯಲೂಬಹುದು.

ಹೆಗಲಿನ ವಿಚಾರ ಬಂದಾಗ ಕನ್ನಡಿಗರಿಗೆ ನೆನಪಾಗಬೇಕಾದವರು ಅನಿಲ್ ಕುಂಬ್ಳೆ. 1993ರ ನವೆಂಬರ್ 27ರಂದು ಈಡನ್ ಗಾರ್ಡನ್ಸ್‌ನಲ್ಲಿ ನಡೆದ ಹೀರೋ ಕಪ್ ಫೈನಲ್‌ನಲ್ಲಿ ಕೇವಲ 12 ರನ್ನಿಗೆ 6 ವಿಕೆಟ್ ಕಿತ್ತು ವೆಸ್ಟ್ ಇಂಡೀಸನ್ನು ಮಣಿಸಿದ್ದು ಅವರೇ. ಅದೇ ಈಡನ್‌ನಲ್ಲಿ 2001ರ ಮಾರ್ಚ್‌ನಲ್ಲಿ ಲಕ್ಷ್ಮಣ್ ಜತೆಗೂಡಿ ನಮ್ಮ ರಾಹುಲ್ ದ್ರಾವಿಡ್ ಆಸ್ಟ್ರೇಲಿಯಾದ ವಿರುದ್ಧ 376 ರನ್ನಿನ ಜತೆಯಾಟ ಕಟ್ಟಿದಾಗ, ಭುಜದ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ಕುಂಬ್ಳೆ ತಂಡದಲ್ಲಿರಲಿಲ್ಲ. ಆದರೆ ಆತುರಪಡದೆ, ವ್ಯಾಯಾಮ ಬಿಡದೆ ಮತ್ತೆ ಮೈದಾನಕ್ಕಿಳಿದರು. 2008ರಲ್ಲಿ ನಿವೃತ್ತರಾದಾಗ ಅವರ ಟೆಸ್ಟ್ ವಿಕೆಟ್‌ಗಳ ಸಂಖ್ಯೆ 619. ಪೆಟ್ಟಾದ ಭುಜಕ್ಕೆ ಬೇಕಾದುದು ಸರಿಯಾದ ಚಿಕಿತ್ಸೆ ಮತ್ತು ತಾಳ್ಮೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ನಲವತ್ತು ದಾಟಿದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ, ಪೆಟ್ಟೇ ಇಲ್ಲದೆ ಹೆಗಲು ಬಿಗಿದುಕೊಳ್ಳುವ 'ಫ್ರೋಜನ್ ಶೋಲ್ಡರ್' ಕೂಡ ಸಾಮಾನ್ಯ. ತಲೆ ಬಾಚಲು, ಅಂಗಿ ತೊಡಲು ಕೈ ಏಳುವುದಿಲ್ಲ. ನೋವಿಗೆ ಹೆದರಿ ಕೈಯನ್ನು ಪೂರ್ತಿ ಸುಮ್ಮನಿಟ್ಟರೆ ಬಿಗಿತ ಹೆಚ್ಚುತ್ತದೆ. ವೈದ್ಯರ ಸಲಹೆಯಂತೆ ನಿತ್ಯ ವ್ಯಾಯಾಮ ಮಾಡಬೇಕು.

ಮೊಣಕೈ: ಮಕ್ಕಳ ವಿಷಯದಲ್ಲಿ ಎಚ್ಚರ

ತಾಯ್ತಂದೆಯರು ಗಮನವಿಟ್ಟು ಓದಬೇಕಾದ ಭಾಗ ಇದು. ಆಟವಾಡುವಾಗ ಕೈಯೂರಿ ಬಿದ್ದ ಮಗುವಿಗೆ ಮೊಣಕೈಗಿಂತ ಸ್ವಲ್ಪ ಮೇಲೆ ಎಲುಬು ಮುರಿಯುವುದು ಬಹಳ ಸಾಮಾನ್ಯ. ಐದರಿಂದ ಏಳು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಕೈಗೆ ರಕ್ತ ಒಯ್ಯುವ ದೊಡ್ಡ ನಾಳ ಆ ಎಲುಬಿಗೆ ಒತ್ತಿಕೊಂಡೇ ಹರಿಯುತ್ತದೆ. ಮುರಿದ ತುದಿ ನಾಳವನ್ನು ಒತ್ತಿದರೆ, ಅಥವಾ ಬಾವು ಬರುವ ಮುಂಚೆ ಯಾರೋ ಬಿದಿರ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿದರೆ, ಮುಂಗೈ ಸ್ನಾಯುಗಳಿಗೆ ರಕ್ತ ನಿಲ್ಲುತ್ತದೆ. ಸುಮಾರು ಆರು ಗಂಟೆ ಹೀಗೇ ಕಳೆದರೆ ಸ್ನಾಯು ಸಾಯತೊಡಗುತ್ತದೆ. ಮತ್ತೆ ಅದು ಜೀವ ತಳೆಯುವುದಿಲ್ಲ. ಬೆರಳುಗಳು ಉಗುರಿನಂತೆ ಒಳಕ್ಕೆ ಸೊಟ್ಟಗಾಗಿ ಮಗು ಜೀವನಪೂರ್ತಿ ಪೆನ್ನು ಹಿಡಿಯಲಾರದ ಸ್ಥಿತಿ ಬರಬಹುದು. 1881ರಲ್ಲಿ ಜರ್ಮನಿಯ ಫೋಕ್‌ಮನ್ ಎಂಬ ಶಸ್ತ್ರವೈದ್ಯರು ಇದನ್ನು ವಿವರಿಸಿದರು. ಬಿಗಿ ಕಟ್ಟಿನ ದೆಸೆಯಿಂದ ಇದು ಇಂದಿಗೂ ಪೂರ್ತಿ ನಿಂತಿಲ್ಲ.

ಎಲುಬು ಕಟ್ಟುವ ನಾಟಿ ಪದ್ಧತಿ ನಮ್ಮ ಊರುಗಳಲ್ಲಿ ಹಳೆಯದು. ತಿರುಪತಿ ಜಿಲ್ಲೆಯ ಪುತ್ತೂರಿನ ಹೆಸರಿನಲ್ಲಿ ಬೆಂಗಳೂರಿನವರೆಗೂ 'ಪುತ್ತೂರು ಕಟ್ಟು' ಪ್ರಸಿದ್ಧವಾಗಿದೆ. ಜನರ ನಂಬಿಕೆಯನ್ನು ಹಳಿಯುವುದು ಇಲ್ಲಿನ ಉದ್ದೇಶವಲ್ಲ. ಆದರೆ ಕಟ್ಟು ಯಾರೇ ಹಾಕಿರಲಿ, ಅದು ಆಸ್ಪತ್ರೆಯ ಪ್ಲಾಸ್ಟರೇ ಆಗಿರಲಿ, ನಂತರ ನೋವು ಕಡಿಮೆಯಾಗುವ ಬದಲು ಏರುತ್ತಾ ಹೋದರೆ, ಬೆರಳು ಬಿಳಿಚಿದರೆ ಅಥವಾ ನೀಲಿಗಟ್ಟಿದರೆ, ತಣ್ಣಗಾದರೆ, ಜೋಮು ಹಿಡಿದರೆ, ಬೆರಳನ್ನು ಮೆಲ್ಲಗೆ ನೇರ ಮಾಡಿದಾಗ ಮಗು ಕಿರುಚಿದರೆ ಬೆಳಗಾಗುವವರೆಗೆ ಕಾಯಬಾರದು. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಿ ಕಟ್ಟು ಬಿಚ್ಚಿಸಬೇಕು. ಪೆಟ್ಟಾದ ಮೊಣಕೈಗೆ ಎಣ್ಣೆ ತಿಕ್ಕಿ ನೀವುವುದೂ ಸಲ್ಲದು; ಸ್ನಾಯುವಿನೊಳಗೇ ಎಲುಬು ಬೆಳೆದು ಕೀಲು ಮರಗಟ್ಟಬಹುದು.

ಪುಟ್ಟ ಮಕ್ಕಳನ್ನು ಮುಂಗೈ ಹಿಡಿದು ಎತ್ತುವ, ಮೆಟ್ರೋ ಹತ್ತುವ ಅವಸರದಲ್ಲಿ ಜಗ್ಗುವ ಅಭ್ಯಾಸವನ್ನೂ ಬಿಡಬೇಕು. ನಾಲ್ಕು ವರ್ಷದೊಳಗಿನ ಮಕ್ಕಳ ಮೊಣಕೈಯಲ್ಲಿ ರೇಡಿಯಸ್ ಎಲುಬಿನ ತಲೆ ಸುಲಭವಾಗಿ ಜಾರುತ್ತದೆ. ಕೈಯನ್ನು ಎರಡೂ ಕಂಕುಳಲ್ಲಿ ಕೊಟ್ಟು ಎತ್ತುವುದೇ ಸರಿ.

ದೊಡ್ಡವರ ವಿಷಯಕ್ಕೆ ಬಂದರೆ, ತೋಳಿನ ಎಲುಬಿಗೆ ಸುತ್ತಿಕೊಂಡು ಇಳಿಯುವ ನರವೊಂದಿದೆ. ಹೌರಾದಿಂದ ಬೆಂಗಳೂರಿಗೆ ಒಂದು ದಿನಕ್ಕೂ ಮೀರಿದ ರೈಲು ಪ್ರಯಾಣದಲ್ಲಿ ಬರ್ತಿನ ಅಂಚಿಗೆ ತೋಳು ಒತ್ತಿಕೊಂಡು ಗಾಢವಾಗಿ ಮಲಗಿದವರಿಗೆ ಬೆಳಗ್ಗೆ ಮಣಿಕಟ್ಟು ಜೋತುಬಿದ್ದು, ಕೈ ಮೇಲಕ್ಕೆತ್ತಲು ಬಾರದಿರಬಹುದು. ಲಕ್ವ ಹೊಡೆಯಿತೆಂದು ಮನೆಮಂದಿ ಕಂಗಾಲಾಗುತ್ತಾರೆ. ನರ ಒತ್ತಿದ್ದರಿಂದ ಹೀಗಾದದ್ದಾದರೆ ಬಹುಪಾಲು ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಆದರೆ ನಿಜವಾದ ಲಕ್ವವೋ ಅಲ್ಲವೋ ಎಂಬುದನ್ನು ತಕ್ಷಣ ವೈದ್ಯರೇ ನೋಡಿ ಹೇಳಬೇಕು.

ಮಣಿಕಟ್ಟು: ಮಳೆಗಾಲದ ಪೆಟ್ಟು

ಕೋಲ್ಕತ್ತಾದ ಮಳೆಗಾಲದಲ್ಲಿ ನೀರು ನಿಂತ ರಸ್ತೆ, ಪಾಚಿ ಕಟ್ಟಿದ ಅಂಗಳ, ನುಣುಪಾದ ಸ್ನಾನದ ಮನೆ - ಜಾರಲು ಇಷ್ಟು ಸಾಕು. ಬೀಳುವಾಗ ಮನುಷ್ಯ ತಾನಾಗಿಯೇ ಅಂಗೈ ಊರುತ್ತಾನೆ. ಐವತ್ತು ದಾಟಿದ ಮಹಿಳೆಯರಲ್ಲಿ ಎಲುಬು ಟೊಳ್ಳಾಗಿರುವುದರಿಂದ ರೇಡಿಯಸ್ ತುದಿ ಮುರಿದು, ಕೈ ಪಕ್ಕದಿಂದ ನೋಡಿದರೆ ಊಟದ ಫೋರ್ಕಿನಂತೆ ಬಾಗಿ ಕಾಣುತ್ತದೆ. 1814ರಲ್ಲಿ ಡಬ್ಲಿನ್‌ನ ಅಬ್ರಹಾಂ ಕಾಲಿಸ್ ವಿವರಿಸಿದ ಕಾರಣ ಇದಕ್ಕೆ ಅವರದೇ ಹೆಸರು.

ಯುವಕರಲ್ಲಿ ಹೀಗೆ ಬಿದ್ದಾಗ ಮುರಿಯುವುದು ಮಣಿಕಟ್ಟಿನ ಸ್ಕೇಫಾಯ್ಡ್ ಎಂಬ ಪುಟ್ಟ ಎಲುಬು. ಹೆಬ್ಬೆರಳನ್ನು ಹಿಂದಕ್ಕೆ ಚಾಚಿದಾಗ ಅದರ ಬುಡದಲ್ಲಿ ಮೂಡುವ ಗುಳಿಯನ್ನು ಒತ್ತಿದರೆ ನೋವಾಗುತ್ತದೆ. ಇದರ ಮೋಸವೆಂದರೆ ಮೊದಲ ದಿನದ ಎಕ್ಸ್‌ರೇಯಲ್ಲಿ ಮುರಿತ ಕಾಣದೆಯೂ ಇರಬಹುದು. ನೋವಿದ್ದರೆ ಹತ್ತು-ಹದಿನಾಲ್ಕು ದಿನಗಳ ನಂತರ ಮತ್ತೊಮ್ಮೆ ಎಕ್ಸ್‌ರೇ ತೆಗೆಸುವುದು ಅಗತ್ಯ. ರಕ್ತ ಪೂರೈಕೆ ಕಡಿಮೆಯಿರುವ ಈ ಎಲುಬನ್ನು ಅಲಕ್ಷಿಸಿದರೆ ಅದರ ಒಂದು ತುಂಡು ಸತ್ತು, ಮಣಿಕಟ್ಟು ಕಾಯಂ ನೋವಿನ ಮನೆಯಾಗುತ್ತದೆ.

ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ ಒಂಬತ್ತು ಸ್ನಾಯುರಜ್ಜುಗಳ ಜತೆ ಒಂದು ನರವೂ ಹಾದುಹೋಗುತ್ತದೆ. ಒಳಗೆ ಬಾವು ಬಂದರೆ ನರ ನಲುಗಿ, ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ರಾತ್ರಿ ಹೊತ್ತು ಜೋಮು ಹಿಡಿಯುತ್ತದೆ. ಕೈ ಕೊಡವಿದರೆ ಹಿತವೆನಿಸುತ್ತದೆ. ಗೃಹಿಣಿಯರು, ಗರ್ಭಿಣಿಯರು, ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆ ಇರುವವರು ಇದನ್ನು 'ವಾಯು' ಎಂದು ತಳ್ಳಿಹಾಕದೆ ಪರೀಕ್ಷಿಸಿಕೊಳ್ಳಬೇಕು.

ಗಾಳಿಪಟದ ದಾರ, ಯಂತ್ರದ ಹಲ್ಲು

ಸೆಪ್ಟೆಂಬರಿನ ವಿಶ್ವಕರ್ಮ ಪೂಜೆಯ ದಿನ ಕೋಲ್ಕತ್ತಾದ ಆಕಾಶದ ತುಂಬ ಗಾಳಿಪಟ. ಕೃತಕ ನೂಲಿನ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದ್ದರೂ ಅದು ಬೆರಳು ಕೊಯ್ಯುವುದು ನಿಂತಿಲ್ಲ. ಮಾ ಫ್ಲೈಓವರ್ ಮೇಲೆ ಬೈಕ್ ಸವಾರರು ಇದಕ್ಕೆ ಸಿಕ್ಕಿ ಗಾಯಗೊಂಡದ್ದುಂಟು. ಕೈಯ ಮೇಲೆ ಸಣ್ಣ ಗಾಯವೇ ಕಂಡರೂ ಒಳಗೆ ರಜ್ಜು ಅಥವಾ ನರ ತುಂಡಾಗಿರಬಹುದು. ಬೆರಳು ಮಡಚಲು ಬಾರದಿದ್ದರೆ, ತುದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ ಬರೇ ಚರ್ಮಕ್ಕೆ ಹೊಲಿಗೆ ಹಾಕಿಸಿ ಸುಮ್ಮನಾಗಬಾರದು.

ಗ್ರೈಂಡರ್, ಕಬ್ಬಿನ ಗಾಣ, ಕಾರ್ಖಾನೆ ಯಂತ್ರಕ್ಕೆ ಸಿಕ್ಕಿ ಬೆರಳು ತುಂಡಾದರೆ ಆ ತುಂಡನ್ನು ಎಸೆಯಬಾರದು. ಶುದ್ಧ ನೀರಿನಲ್ಲಿ ತೊಳೆದು, ಒದ್ದೆ ಮಾಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಒಯ್ಯಬೇಕು. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. ರಕ್ತ ಸುರಿಯುತ್ತಿದ್ದರೆ ಗಾಯದ ಮೇಲೆ ಬಟ್ಟೆಯಿಟ್ಟು ಒತ್ತಿ ಹಿಡಿದು ಕೈ ಮೇಲೆತ್ತಬೇಕು; ಅರಿಸಿನ, ಕಾಫಿಪುಡಿ ಮೆತ್ತಬಾರದು. ಎಲುಬು ಮುರಿತದ ಅನುಮಾನವಿದ್ದಲ್ಲಿ ಮೊದಲು ಬಳೆ, ಉಂಗುರ, ಗಡಿಯಾರ ತೆಗೆಯಬೇಕು, ಬಾವು ಬಂದ ಮೇಲೆ ಅವು ಬರುವುದಿಲ್ಲ. ನಂತರ ಇದ್ದ ಸ್ಥಿತಿಯಲ್ಲೇ ಕೈಗೆ ಜೋಲಿ ಕಟ್ಟಿ ಒಯ್ಯುವುದು ಕ್ಷೇಮ. ನಗರದ ಎಸ್‌ಎಸ್‌ಕೆಎಂ ಆಸ್ಪತ್ರೆಯಲ್ಲಿ ಅಪಘಾತ ಚಿಕಿತ್ಸೆಗೆಂದೇ ಟ್ರಾಮಾ ಕೇಂದ್ರವಿದೆ; ಭಾಷೆ ಬಾರದ ಹೊಸಬರಿಗೆ ನೆರೆಯ ಕನ್ನಡಿಗರು ಜತೆಗೆ ಹೋದರೆ ಅರ್ಧ ಚಿಕಿತ್ಸೆ ಆದಂತೆಯೇ.

ಸತ್ತ ಮೇಲೂ ಕಲಿಸುವ ಕೈ

ಒಂದು ಕಾಲದಲ್ಲಿ ಪ್ರಪಂಚದ ವೈದ್ಯಕೀಯ ಕಾಲೇಜುಗಳಿಗೆ ಅಸ್ಥಿಪಂಜರಗಳನ್ನು ಕಳುಹಿಸುವ ವ್ಯಾಪಾರದ ಮುಖ್ಯ ಕೇಂದ್ರ ಕೋಲ್ಕತ್ತಾ ಆಗಿತ್ತು. ಬಡವರ ಹೆಣಗಳಿಂದ ನಡೆಯುತ್ತಿದ್ದ ಈ ರಫ್ತನ್ನು ಭಾರತ ಸರಕಾರ 1985ರಲ್ಲಿ ನಿಷೇಧಿಸಿತು. ಆ ಕಳಂಕವನ್ನು ತೊಳೆಯುವಂತೆ ಇದೇ ನಗರದಲ್ಲಿ ದೇಹದಾನದ ಚಳವಳಿ ಬೆಳೆಯಿತು. 2010ರಲ್ಲಿ ನಿಧನರಾದ ಮಾಜಿ ಮುಖ್ಯಮಂತ್ರಿ ಜ್ಯೋತಿ ಬಸು ಅವರ ದೇಹ ಎಸ್‌ಎಸ್‌ಕೆಎಂ ಆಸ್ಪತ್ರೆಗೂ, 2024ರಲ್ಲಿ ನಿಧನರಾದ ಬುದ್ಧದೇವ ಭಟ್ಟಾಚಾರ್ಯ ಅವರ ದೇಹ ಎನ್‌ಆರ್‌ಎಸ್ ಮೆಡಿಕಲ್ ಕಾಲೇಜಿಗೂ ದಾನವಾಗಿ ಸಂದವು. ಮುಂದೆ ಯಾರದೋ ಮಗುವಿನ ಮುರಿದ ಮೊಣಕೈ ಸರಿಪಡಿಸುವ ವೈದ್ಯ ಮೊದಲು ನರ, ನಾಳಗಳ ದಾರಿ ಕಲಿಯುವುದು ಇಂತಹ ದಾನಿಗಳ ಕೈಯಿಂದಲೇ.

ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದ್ದಾರೆ. ಕೆಸರು ತೊಳೆದರೆ ಹೋಗುತ್ತದೆ, ಕೆಟ್ಟ ಕೈ ಮರಳಿ ಬರುವುದಿಲ್ಲ. ದೂರದ ಊರಿಗೆ ದುಡಿಯಲು ಬಂದ ಪ್ರತಿಯೊಂದು ಕನ್ನಡ ಕುಟುಂಬವೂ ಬಿಗಿ ಕಟ್ಟಿನ ಅಪಾಯದ ಆ ನಾಲ್ಕಾರು ಲಕ್ಷಣಗಳನ್ನು ಮನೆಮಂದಿಗೆಲ್ಲ ತಿಳಿಸಿಟ್ಟರೆ ಒಂದಾದರೂ ಮಗುವಿನ ಕೈ ಉಳಿದೀತು.