ಜಾಲ ಕೆಟ್ಟಾಗ ಚೇತರಿಕೆಯ ಬಗೆ

ದೂರವಾಣಿ ಮತ್ತು ಗಣಕಯಂತ್ರಗಳ ಜಾಲವು ಒಂದೆಡೆ ಕೆಟ್ಟರೆ ಅದನ್ನು ಸರಿಪಡಿಸಿಕೊಳ್ಳುವ ಏರ್ಪಾಡು ಆ ಜಾಲದಲ್ಲಿಯೇ ಅಡಕವಾಗಿರುತ್ತದೆ. ಆದರೆ ಚೇತರಿಸಿಕೊಳ್ಳುವ ಆತುರವೇ ಕೆಲವೊಮ್ಮೆ ಹೆಚ್ಚಿನ ಕೇಡಿಗೆ ಕಾರಣವಾಗುವುದುಂಟು. ಇದನ್ನು ಎರಡು ನಿದರ್ಶನಗಳಿಂದ ಮನಗಾಣಬಹುದು.

1990ರ ಜನವರಿ 15ರಂದು ಅಮೆರಿಕದ ಎ.ಟಿ. ಅಂಡ್ ಟಿ. ಸಂಸ್ಥೆಯ ದೂರದ ಕರೆಗಳ ಜಾಲವು ಸುಮಾರು 9 ಗಂಟೆಗಳ ಕಾಲ ಅಸ್ತವ್ಯಸ್ತವಾಯಿತು. ನ್ಯೂಯಾರ್ಕಿನ ಒಂದು ಸ್ವಿಚ್ಚು ಅಲ್ಪದೋಷದಿಂದ ಕೆಲವು ಸೆಕೆಂಡು ನಿಂತು, ತನ್ನನ್ನು ತಾನೇ ಸರಿಪಡಿಸಿಕೊಂಡು, ಮರಳಿ ಕಾರ್ಯೋನ್ಮುಖವಾಯಿತು. ಒಡನೆಯೇ ಅದರಿಂದ ನೆರೆಯ ಸ್ವಿಚ್ಚುಗಳಿಗೆ ಸಂದೇಶಗಳು ಹೋದವು. ಮೊದಲ ಸಂದೇಶವನ್ನು ನೆರೆಯ ಸ್ವಿಚ್ಚು ದಾಖಲಿಸಿಕೊಳ್ಳುತ್ತಿರುವಾಗಲೇ, ಸೆಕೆಂಡಿನ ನೂರನೆಯ ಒಂದಂಶದೊಳಗೆ, ಎರಡನೆಯದು ಬಂದಿತು. ಪ್ರೋಗ್ರಾಮಿನಲ್ಲಿ ಸ್ಥಾನ ತಪ್ಪಿದ್ದ ಒಂದು ಆದೇಶದಿಂದಾಗಿ ಆ ಸ್ವಿಚ್ಚಿನ ಮಾಹಿತಿ ಕಲಸಿಹೋಗಿ ಅದೂ ನಿಂತಿತು, ಚೇತರಿಸಿಕೊಂಡಿತು, ತನ್ನ ನೆರೆಯವುಗಳಿಗೆ ಅದೇ ಬಗೆಯ ಸಂದೇಶಗಳನ್ನು ಕಳುಹಿಸಿತು. ಎಲ್ಲ 114 ಸ್ವಿಚ್ಚುಗಳಲ್ಲಿಯೂ ಅದೇ ಪ್ರೋಗ್ರಾಮು ಇದ್ದುದರಿಂದ ಒಂದರ ಚೇತರಿಕೆಯು ಮತ್ತೊಂದರ ಪತನವಾಯಿತು. ಸಂದೇಶಗಳ ಭಾರವನ್ನು ತಗ್ಗಿಸಿದ ಮೇಲೆಯೇ ಜಾಲವು ಸ್ಥಿಮಿತಕ್ಕೆ ಬಂದಿತು.

ಇನ್ನೊಂದು ನಿದರ್ಶನ 1986ರ ಅಕ್ಟೋಬರ್ ತಿಂಗಳದು. ಇಂಟರ್‌ನೆಟ್‌ನಲ್ಲಿ ಸಂದೇಶದ ತುಣುಕು ತಲುಪಿದ ಸೂಚನೆ ಬಾರದಿದ್ದರೆ, ಕಳುಹಿಸಿದ ಯಂತ್ರವು ಅದನ್ನು ಮತ್ತೆ ಕಳುಹಿಸುತ್ತದೆ. ಮಾರ್ಗವು ಕಿಕ್ಕಿರಿದಾಗ ಈ ಮರುರವಾನೆಯೇ ಭಾರವನ್ನು ಹೆಚ್ಚಿಸುವುದು. ಜಾತ್ರೆಯಲ್ಲಿ ಬಾಗಿಲು ಕಟ್ಟಿಕೊಂಡಾಗ ಹಿಂದಿನವರು ಇನ್ನಷ್ಟು ನೂಕಿದಂತೆಯೇ ಇದು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ವಿಶ್ವವಿದ್ಯಾಲಯಕ್ಕೂ ಇದ್ದ ಅಂತರ ಕೇವಲ 400 ಗಜ. ಅವುಗಳ ನಡುವಣ ಸಾಗಣೆಯ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು! ಇದಕ್ಕೆ ವ್ಯಾನ್ ಜೇಕಬ್ಸನ್ ಅವರು 1988ರಲ್ಲಿ ಪ್ರಕಟಿಸಿದ ಪರಿಹಾರದ ತಿರುಳು ಸರಳವಾದುದು: ತುಣುಕು ಕಳೆದುಹೋದರೆ ಅದನ್ನು ದಟ್ಟಣೆಯ ಲಕ್ಷಣವೆಂದು ತಿಳಿದು ವೇಗವನ್ನು ತಗ್ಗಿಸಬೇಕು; ಮತ್ತೆ ಮತ್ತೆ ವಿಫಲವಾದಂತೆ ಕಾಯುವ ಅವಧಿಯನ್ನು ಇಮ್ಮಡಿಗೊಳಿಸಬೇಕು; ದಾರಿ ತೆರವಾದಂತೆ ಕ್ರಮವಾಗಿ ಮುಂದುವರಿಯಬೇಕು. ಈ ತತ್ತ್ವ ಇಂದಿಗೂ ಬಳಕೆಯಲ್ಲಿದೆ.

ಆದುದರಿಂದ ಜಾಲವನ್ನು ಬಲಪಡಿಸಿದರೆ ಸಾಲದು. ಅದು ಬಿದ್ದು ಏಳುವ ರೀತಿಯನ್ನೂ ಮುಂಚಿತವಾಗಿ ಪರೀಕ್ಷಿಸಬೇಕು. ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ಪಾಠವಿದೆ. ನೆರೆ, ಭೂಕಂಪಗಳ ವೇಳೆಯಲ್ಲಿ ಕರೆ ಸಿಗದಿದ್ದರೆ ಒಂದೇ ಸಮನೆ ಮತ್ತೆ ಮತ್ತೆ ಕರೆಯದೆ ತುಸು ತಾಳಿರಿ. ನೀವು ಬಿಟ್ಟುಕೊಟ್ಟ ಆ ತೆರವಿನಲ್ಲಿ ಆಂಬುಲೆನ್ಸನ್ನು ಕರೆಯುವ ಮತ್ತೊಬ್ಬರ ದನಿ ಸಾಗಬಹುದು.